ಉಗಿ ನೀರಾಗುವ ಸ್ಥಳ

ಜೇಮ್ಸ್ ವಾಟನ ಹೆಸರನ್ನು ಕೇಳದೆ ಶಾಲೆಯನ್ನು ದಾಟಿದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ಇರಲಾರನು. ಒಲೆಯ ಮೇಲಿನ ಕೆಟಲಿನ ಮುಚ್ಚಳ ಕುಣಿಯುವುದನ್ನು ಬೆರಗಾಗಿ ನೋಡುತ್ತ ಕುಳಿತ ಬಾಲಕನ ಚಿತ್ರವನ್ನು ನಾನು ಮೊದಲು ಕಂಡದ್ದು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದಲ್ಲಿ, ಶಾಲೆಯ ಪಾಠಪುಸ್ತಕದೊಳಗೆ. ನಮ್ಮ ಊರು ಪ್ರಸಿದ್ಧವಾದದ್ದು ಬೇರೊಂದು ಕಾರಣದಿಂದ. ಊರ ಬಳಿಯ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ; 1892ರಲ್ಲಿ ಬಿ. ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಮೇಷ್ಟರು ನಮ್ಮನ್ನು ಅಲ್ಲಿಗೆ ಕರೆದೊಯ್ದು ಎರಡು ಸಾವಿರ ವರ್ಷಗಳಿಗೂ ಹಿಂದಿನ ಅಕ್ಷರಗಳನ್ನು ತೋರಿಸುತ್ತಿದ್ದರು. ಶಾಲೆಗೆ ಮರಳಿ ಕೆಟಲಿನ ಕಥೆ ಹೇಳುತ್ತಿದ್ದರು. ಅಶೋಕನ ಅಕ್ಷರಗಳನ್ನು ಹತ್ತಿರದಿಂದ ನೋಡಬಹುದಾಗಿತ್ತು. ಕೆಟಲನ್ನು ಮಾತ್ರ ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಮುದ್ದೆಗಿಟ್ಟ ಎಸರಿನ ಮೇಲೆ ಮುಚ್ಚಿದ ತಟ್ಟೆ ತಟತಟನೆ ಅದುರುವುದನ್ನು ನೋಡಿ, ವಾಟನು ಕಂಡದ್ದು ಇದನ್ನೇ ಇರಬೇಕೆಂದು ಸಮಾಧಾನ ಮಾಡಿಕೊಂಡೆವು.

ಬಹಳ ವರ್ಷಗಳ ಮೇಲೆ, ಒಂದು ದುಃಖದ ಕಾರಣದಿಂದ, ನಾನು ಆತನ ಚರಿತ್ರೆಯನ್ನು ಮತ್ತೆ ಓದಬೇಕಾಯಿತು. ಆಗ ತಿಳಿದದ್ದೇನೆಂದರೆ, ಆ ಕಥೆಯನ್ನು ಹೇಳಿದವಳು ವಾಟನ ಬಂಧುವಾದ ಶ್ರೀಮತಿ ಕ್ಯಾಂಪ್‌ಬೆಲ್ ಎಂಬಾಕೆ. ಬರೆಸಿದ್ದು 1798ರಲ್ಲಿ, ಎಂದರೆ ನಡೆಯಿತೆನ್ನಲಾದ ಪ್ರಸಂಗಕ್ಕೆ ಸುಮಾರು ಅರ್ಧ ಶತಮಾನ ಕಳೆದ ಮೇಲೆ. ಆಕೆಯ ನೆನಪಿನಲ್ಲಿ ಹುಡುಗನು ಮುಚ್ಚಳದ ಕುಣಿತಕ್ಕೆ ಮರುಳಾದವನಲ್ಲ. ಕೆಟಲಿನ ಮೂತಿಯಿಂದ ಹೊರಡುವ ಉಗಿಗೆ ಒಮ್ಮೆ ಬಟ್ಟಲನ್ನೂ ಒಮ್ಮೆ ಬೆಳ್ಳಿಯ ಚಮಚವನ್ನೂ ಹಿಡಿದು, ತಣ್ಣನೆಯ ಲೋಹಕ್ಕೆ ತಾಗಿದ ಉಗಿ ಹನಿಹನಿಯಾಗಿ ಬೀಳುವುದನ್ನು ಆತನು ಎಣಿಸುತ್ತ ಕುಳಿತಿದ್ದನಂತೆ. ಕಾಲಹರಣ ಮಾಡುತ್ತಿರುವೆಯೆಂದು ಅತ್ತೆಯಿಂದ ಬೈಸಿಕೊಂಡನಂತೆ. ಇದರಲ್ಲಿ ಎಷ್ಟು ನಿಜವೋ ಹೇಳಬರುವುದಿಲ್ಲ. ಆದರೆ ಚಿತ್ರಗಾರರು ಹನಿಗಳನ್ನು ಬಿಟ್ಟು ಮುಚ್ಚಳವನ್ನು ಹಿಡಿದದ್ದು ನಮಗೆಲ್ಲ ಮಾಡಿದ ಅನ್ಯಾಯವೆಂದೇ ನನ್ನ ಭಾವನೆ. ಉಗಿ ಎತ್ತುತ್ತದೆ, ನೂಕುತ್ತದೆ ಎಂಬುದನ್ನು ವಾಟನಿಗಿಂತ ಮೊದಲೇ ಲೋಕ ಬಲ್ಲುದಾಗಿತ್ತು. ಉಗಿ ನೀರಾಗುವುದು ಎಲ್ಲಿ, ಆಗಬಾರದ್ದು ಎಲ್ಲಿ ಎಂಬುದನ್ನು ವಿಂಗಡಿಸಿ ಹೇಳಿದವನು ಆತನು.

ವಾಟನು ಹುಟ್ಟಿದ್ದು 1736ನೆಯ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ರೇವುಪಟ್ಟಣದಲ್ಲಿ. ಅಜ್ಜ ಗಣಿತದ ಉಪಾಧ್ಯಾಯ. ತಂದೆ ಮರಗೆಲಸ ಬಲ್ಲವನು, ಹಡಗುಗಳಿಗೆ ಬೇಕಾದ ಸಾಮಗ್ರಿಗಳ ವ್ಯಾಪಾರಿ. ಆ ಮನೆತನದ ಅಟ್ಲಾಂಟಿಕ್ ವ್ಯಾಪಾರಕ್ಕೆ ಗುಲಾಮಗಿರಿಯ ಸೋಂಕು ಇತ್ತೆಂಬುದನ್ನು ಈಚಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಮಹಾಪುರುಷರ ಚರಿತ್ರೆ ಬರೆಯುವವರು ಇದನ್ನು ಮುಚ್ಚಿಡುವ ಕಾಲ ಹೋಯಿತು. ಹುಡುಗ ರೋಗಿಷ್ಠ; ತಲೆನೋವು ಆತನ ಜೀವಮಾನದ ಸಂಗಾತಿ. ಶಾಲೆಗಿಂತ ಹೆಚ್ಚಾಗಿ ತಂದೆಯ ಕಾರ್ಯಾಗಾರದಲ್ಲಿ, ಚಿಕ್ಕ ಚಿಕ್ಕ ಉಪಕರಣಗಳ ನಡುವೆ ಬೆಳೆದನು.

1755ರಲ್ಲಿ ಕುದುರೆಯೇರಿ ಲಂಡನ್ನಿಗೆ ಹೋಗಿ, 20 ಗಿನಿ ತೆತ್ತು, ಗಣಿತೋಪಕರಣಗಳನ್ನು ತಯಾರಿಸುವ ಜಾನ್ ಮಾರ್ಗನ್ ಎಂಬವನ ಬಳಿ ಒಂದು ವರ್ಷ ಕಲಿತನು. ಏಳು ವರ್ಷಗಳ ವಿದ್ಯೆಯನ್ನು ಒಂದು ವರ್ಷಕ್ಕೆ ಇಳಿಸಿಕೊಂಡ ಶ್ರಮದಿಂದ ದೇಹ ಕುಗ್ಗಿತು. ಗ್ಲಾಸ್ಗೋ ನಗರಕ್ಕೆ ಬಂದು ಅಂಗಡಿ ತೆರೆಯಲು ಹೊರಟರೆ ಅಲ್ಲಿನ ಕುಶಲಕರ್ಮಿಗಳ ಸಂಘದ ಕಟ್ಟಳೆ ಅಡ್ಡ ಬಂದಿತು. ಏಳು ವರ್ಷ ಶಿಷ್ಯವೃತ್ತಿ ಮಾಡದವನಿಗೆ ಊರೊಳಗೆ ಕಸಬು ಮಾಡುವ ಹಕ್ಕಿಲ್ಲ. ಆ ಸಂಘಕ್ಕೆ ಸುತ್ತಿಗೆಯವರ ಸಂಘವೆಂದು ಹೆಸರು. ಸುತ್ತಿಗೆಯ ಮಾತು ಈ ಲೇಖನದಲ್ಲಿ ಮುಂದೆ ಇನ್ನೊಂದು ಅರ್ಥದಲ್ಲಿ ಬರಲಿದೆಯಾದ್ದರಿಂದ ಇಲ್ಲಿ ಹೆಸರಿಸಿದೆ. ವಿಶ್ವವಿದ್ಯಾನಿಲಯದ ಆವರಣಕ್ಕೆ ಸಂಘದ ಕಟ್ಟಳೆ ಅನ್ವಯಿಸುತ್ತಿರಲಿಲ್ಲ. ಅಲ್ಲಿನ ಪ್ರಾಧ್ಯಾಪಕರು 1757ರಲ್ಲಿ ಆತನಿಗೊಂದು ಕೋಣೆ ಕೊಟ್ಟು ಉಪಕರಣಗಳನ್ನು ದುರಸ್ತಿ ಮಾಡುವ ಕೆಲಸ ಒಪ್ಪಿಸಿದರು. ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್ ಆ ಕೋಣೆಗೆ ಆಗಾಗ ಬರುವ ಮಿತ್ರನಾದನು.

1763ರ ಚಳಿಗಾಲದಲ್ಲಿ ಪ್ರಾಧ್ಯಾಪಕ ಆಂಡರ್ಸನ್ ತನ್ನ ತರಗತಿಯ ಮಾದರಿ ಯಂತ್ರವೊಂದನ್ನು ದುರಸ್ತಿಗೆ ಕೊಟ್ಟನು. ಅದು ನ್ಯೂಕಾಮೆನ್ ಯಂತ್ರದ ಪ್ರತಿರೂಪ. ಸಿಲಿಂಡರಿನ ವ್ಯಾಸ 2 ಅಂಗುಲ, ಪಿಸ್ಟನ್ನಿನ ಓಟ 6 ಅಂಗುಲ. ದೊಡ್ಡ ಯಂತ್ರವು 1712ರಿಂದಲೇ ಗಣಿಗಳ ನೀರೆತ್ತುತ್ತಿತ್ತು. ಅದರ ಕೆಲಸ ಸರಳವಾದದ್ದು. ಸಿಲಿಂಡರಿನೊಳಕ್ಕೆ ಉಗಿ ತುಂಬುವುದು. ಬಳಿಕ ತಣ್ಣೀರನ್ನು ಚಿಮುಕಿಸುವುದು. ಉಗಿ ನೀರಾಗಿ ಒಳಗೆ ನಿರ್ವಾತವುಂಟಾದಾಗ ಹೊರಗಿನ ವಾಯುಭಾರ ಪಿಸ್ಟನ್ನನ್ನು ಕೆಳಗೆ ತಳ್ಳುವುದು. ಮಾದರಿಯ ಕಥೆ ವಿಚಿತ್ರ. ನಾಲ್ಕಾರು ಬಡಿತ ಬಡಿದು ನಿಂತುಬಿಡುತ್ತಿತ್ತು. ಬಾಯ್ಲರು ಚಿಕ್ಕದಲ್ಲ, ಬೆಂಕಿ ಕಡಿಮೆಯಲ್ಲ. ಉಗಿ ಮಾತ್ರ ಸಾಲದು. ಉಗಿ ಎಲ್ಲಿಗೆ ಹೋಗುತ್ತಿದೆ?

ಈ ಪ್ರಶ್ನೆಯನ್ನು ನಾನು ಓದಿದಾಗ ನನ್ನ ಕಣ್ಣ ಮುಂದೆ ಗ್ಲಾಸ್ಗೋ ನಗರವಿರಲಿಲ್ಲ. ಚಳ್ಳಕೆರೆಯ ಒಂದು ಎಣ್ಣೆ ಕಾರ್ಖಾನೆಯ ಅಂಗಳವಿತ್ತು. 1974ರಲ್ಲಿ ನಾನು ಅಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೆ. ಶೇಂಗಾ ಸುಗ್ಗಿಯ ತಿಂಗಳುಗಳಲ್ಲಿ ಚಳ್ಳಕೆರೆಗೆ ನಿದ್ರೆಯಿಲ್ಲ. ಬೀಜವನ್ನು ಗಾಣದ ಯಂತ್ರಕ್ಕೆ ಹಾಕುವ ಮೊದಲು ಉಗಿಯಲ್ಲಿ ಹದವಾಗಿ ಬೇಯಿಸಬೇಕು. ಅದಕ್ಕಾಗಿ ಅಂಗಳದ ಒಂದು ಮೂಲೆಯಲ್ಲಿ ಶೇಂಗಾ ಸಿಪ್ಪೆಯಿಂದಲೇ ಉರಿಯುವ ಬಾಯ್ಲರು, ಇನ್ನೊಂದು ಮೂಲೆಯಲ್ಲಿ ಗಾಣದ ಮನೆ, ನಡುವೆ ಕಂಬಗಳ ಮೇಲೆ ಹಾದುಹೋಗುವ ಉದ್ದನೆಯ ಪೈಪು. ಚಳಿಗಾಲದ ಬೆಳಗಿನ ಜಾವ ಉಗಿ ಬಿಟ್ಟ ಹೊತ್ತಿಗೆ ಆ ಪೈಪಿನೊಳಗಿಂದ ಒಂದು ಸದ್ದು ಬರುತ್ತಿತ್ತು. ಯಾರೋ ಒಳಗೆ ಕುಳಿತು ಸುತ್ತಿಗೆಯಿಂದ ಟಣ್ ಟಣ್ ಎಂದು ಬಡಿಯುತ್ತಿರುವಂತೆ. ಬಾಯ್ಲರಿನ ಫೈರ್‌ಮನ್, ನಾವೆಲ್ಲ ಮಾವ ಎಂದು ಕರೆಯುತ್ತಿದ್ದ ಹಿರಿಯರು, ಆ ಸದ್ದು ಕೇಳಿದೊಡನೆ ವಾಲ್ವನ್ನು ಮುಚ್ಚುತ್ತಿದ್ದರು. ಅಂಗಳದ ತಗ್ಗಿನಲ್ಲಿದ್ದ ಸಣ್ಣ ನಲ್ಲಿಯನ್ನು ತೆರೆದು, ಪೈಪಿನೊಳಗಿನ ನೀರೆಲ್ಲ ಹೋಗಿ ಒಣ ಉಗಿ ಬರುವವರೆಗೆ ಕಾಯುತ್ತಿದ್ದರು. ಅನಂತರ ವಾಲ್ವಿನ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ, ಬೀಡಿ ಹಚ್ಚಿ, ಮತ್ತೆ ಕೂದಲೆಳೆಯಷ್ಟು. ಗಾಣದ ಮನೆಯವರು ಅವಸರಪಡಿಸಿದರೂ ಅವರು ಕದಲುತ್ತಿರಲಿಲ್ಲ.

ರಾತ್ರಿಯೆಲ್ಲ ತಣ್ಣಗಾದ ಕಬ್ಬಿಣದ ಪೈಪಿಗೆ ಮೊದಲು ಹೋದ ಉಗಿ ಗಾಣದ ಮನೆಯನ್ನು ಮುಟ್ಟುವುದೇ ಇಲ್ಲ; ಪೈಪನ್ನು ಬಿಸಿ ಮಾಡುವುದರಲ್ಲಿ ಅದರ ಉಷ್ಣವೆಲ್ಲ ವ್ಯಯವಾಗಿ ಅದು ನೀರಾಗಿ ತಳದಲ್ಲಿ ಹರಿಯುತ್ತದೆ. ವಾಟನು ಆ ಮಾದರಿಯಲ್ಲಿ ಕಂಡುಹಿಡಿದದ್ದು ಅಕ್ಷರಶಃ ಇದನ್ನೇ. ಪ್ರತಿ ಬಡಿತಕ್ಕೂ ತಣ್ಣೀರು ಚಿಮುಕಿಸಿ ಸಿಲಿಂಡರನ್ನು ತಣಿಸುತ್ತಾರೆ. ಮರುಬಡಿತದ ಉಗಿಯ ಬಹುಭಾಗ ಆ ತಣ್ಣನೆಯ ಗೋಡೆಗಳನ್ನು ಮತ್ತೆ ಕಾಯಿಸುವುದಕ್ಕೇ ಸಲ್ಲುತ್ತದೆ. ನಾಲ್ಕು ಪಾಲಿನಲ್ಲಿ ಮೂರು ಪಾಲು ಹೀಗೆ ಪೋಲಾಗುತ್ತಿದೆಯೆಂದು ಆತನು ಲೆಕ್ಕ ಹಾಕಿದನು. ಮಾದರಿ ಚಿಕ್ಕದಾದಷ್ಟೂ ಗೋಡೆಯ ಪ್ರಮಾಣ ಹೆಚ್ಚು, ಆದುದರಿಂದ ನಷ್ಟವೂ ಹೆಚ್ಚು.

ಆತನು ಅಲ್ಲಿಗೇ ನಿಲ್ಲಲಿಲ್ಲ. ನೀರು ಉಗಿಯಾದಾಗ ಎಷ್ಟು ಪಟ್ಟು ಹಿಗ್ಗುವುದೆಂದು ಅಳೆದು, ಸುಮಾರು 1,800 ಪಟ್ಟು ಎಂದು ಗೊತ್ತುಮಾಡಿದನು. ಇಂದಿನ ಲೆಕ್ಕ 1,600ರಿಂದ 1,700ರ ನಡುವೆ ಇದೆ. ಮನೆಯಲ್ಲಿ ಸಿಗುವ ಗಾಜಿನ ಕೊಳವೆ, ಸೀಸೆಗಳಿಂದ ಮಾಡಿದ ಪ್ರಯೋಗಕ್ಕೆ ಇದು ಸಾಮಾನ್ಯವಾದ ನಿಖರತೆಯಲ್ಲ. ಇನ್ನೊಂದು ಸಂಗತಿ ಆತನನ್ನು ದಂಗುಬಡಿಸಿತು. ಒಂದು ತೂಕದ ನೀರನ್ನು ಉಗಿ ಮಾಡಿ ಬಾವಿಯ ತಣ್ಣೀರಿನೊಳಕ್ಕೆ ಬಿಟ್ಟರೆ, ಅದು ತನ್ನ ತೂಕದ ಆರು ಪಟ್ಟು ನೀರನ್ನು ಕುದಿಯುವ ಮಟ್ಟಕ್ಕೆ ಏರಿಸುತ್ತದೆ. ಅಷ್ಟೊಂದು ಉಷ್ಣ ಎಲ್ಲಿ ಅಡಗಿತ್ತು? ಕೇಳಲು ಹೋದಾಗ ಬ್ಲ್ಯಾಕ್ ನಕ್ಕಿರಬೇಕು. ಗುಪ್ತೋಷ್ಣವೆಂಬ ತತ್ತ್ವವನ್ನು ಆತನು ಕೆಲವು ವರ್ಷಗಳಿಂದ ಅದೇ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುತ್ತಿದ್ದನು. ಉಗಿಯ ಸುಡುವಿಕೆ ಕುದಿಯುವ ನೀರಿನ ಸುಡುವಿಕೆಗಿಂತ ಏಕೆ ಭೀಕರವೆಂಬುದಕ್ಕೂ ಇದೇ ಉತ್ತರ: ಚರ್ಮದ ಮೇಲೆ ನೀರಾಗುವ ಕ್ಷಣದಲ್ಲಿ ಉಗಿ ತಾನು ಅಡಗಿಸಿಟ್ಟುಕೊಂಡಿದ್ದ ಉಷ್ಣವನ್ನೆಲ್ಲ ಅಲ್ಲಿಯೇ ಬಿಟ್ಟುಬಿಡುತ್ತದೆ.

1765ರ ವಸಂತದ ಒಂದು ಭಾನುವಾರ. ಗ್ಲಾಸ್ಗೋ ನಗರದ ಹಸಿರು ಬಯಲಿನಲ್ಲಿ ಅಗಸರ ಮನೆಯನ್ನು ದಾಟಿ ನಡೆಯುತ್ತಿರುವಾಗ ವಾಟನಿಗೆ ಪರಿಹಾರ ಹೊಳೆಯಿತು. ಉಗಿಗೆ ಬರಿದಾದ ಜಾಗವನ್ನು ತೋರಿಸಿದರೆ ಅದು ತಾನಾಗಿ ಅಲ್ಲಿಗೆ ನುಗ್ಗುತ್ತದೆ. ಹಾಗಾದರೆ ಸಿಲಿಂಡರನ್ನು ತಣಿಸುವುದೇಕೆ? ಪಕ್ಕದಲ್ಲೊಂದು ಬೇರೆ ಪಾತ್ರೆಯಿಟ್ಟು ಅದನ್ನು ಸದಾ ತಣ್ಣಗೆ ಇಡೋಣ; ಉಗಿ ಅಲ್ಲಿಗೆ ಹೋಗಿ ನೀರಾಗಲಿ; ಸಿಲಿಂಡರು ಒಳಗೆ ಬರುವ ಉಗಿಯಷ್ಟೇ ಬಿಸಿಯಾಗಿ ಸದಾ ಇರಲಿ. ಭಾನುವಾರ ಕೆಲಸ ಮಾಡುವುದು ಆ ನಾಡಿನಲ್ಲಿ ಸಲ್ಲದಾದ್ದರಿಂದ ಸೋಮವಾರದವರೆಗೆ ಕಾದು ಹಿತ್ತಾಳೆಯ ಸಿರಿಂಜೊಂದರಿಂದ ಪ್ರಯೋಗ ಮಾಡಿ ನೋಡಿದನು. ಕಂಡೆನ್ಸರ್ ಎಂದು ಇಂದು ಕರೆಯುವ ಈ ಪಾತ್ರೆಗೆ ಆತನು ಒಂದು ಪಂಪನ್ನೂ ಜೋಡಿಸಿದನು. ಚರಿತ್ರಕಾರರು ಕಂಡೆನ್ಸರನ್ನು ಹೊಗಳಿ ಪಂಪನ್ನು ಮರೆಯುತ್ತಾರೆ. ಉಗಿ ನೀರಾದ ಮೇಲೆ ಆ ನೀರನ್ನೂ ಅದರೊಂದಿಗೆ ಬಂದ ಗಾಳಿಯನ್ನೂ ಪ್ರತಿ ಬಡಿತಕ್ಕೂ ಹೊರಹಾಕದಿದ್ದರೆ ಯಂತ್ರ ಕೆಲವೇ ಹೊತ್ತಿನಲ್ಲಿ ಉಸಿರುಕಟ್ಟಿ ನಿಲ್ಲುತ್ತಿತ್ತು.

ಉಗಿಯೂ ತಣ್ಣೀರೂ ಅಕಸ್ಮಾತ್ತಾಗಿ ಸಂಧಿಸಿದರೆ ಏನಾಗುವುದೆಂಬುದನ್ನು ನ್ಯೂಕಾಮೆನ್ನನೇ ಕಂಡಿದ್ದನು. ಆ ಯಂತ್ರಗಳ ಜತೆ ಕೆಲಸ ಮಾಡಿದ ಸ್ವೀಡನ್ನಿನ ಟ್ರೀವಾಲ್ಡ್ ಎಂಬ ಎಂಜಿನಿಯರನು 1734ರಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಮೊದಮೊದಲು ನ್ಯೂಕಾಮೆನ್ ಸಿಲಿಂಡರನ್ನು ಹೊರಗಿನಿಂದ ತಣ್ಣೀರು ಸುತ್ತಿಸಿ ತಣಿಸುತ್ತಿದ್ದನು. ಒಂದು ದಿನ ಬೆಸುಗೆಯಲ್ಲಿದ್ದ ಸಣ್ಣ ತೂತಿನಿಂದ ಆ ನೀರು ಒಳಗೆ ನುಗ್ಗಿತು. ಉಗಿ ಕಣ್ಣೆವೆಯಿಕ್ಕುವಷ್ಟರಲ್ಲಿ ಕುಸಿದು, ಪಿಸ್ಟನ್ನು ಎಂಥ ರಭಸದಿಂದ ಇಳಿಯಿತೆಂದರೆ ಸರಪಣಿ ಹರಿದು, ಸಿಲಿಂಡರಿನ ತಳವೂ ಬಾಯ್ಲರಿನ ಮುಚ್ಚಳವೂ ಒಡೆದುಹೋದುವು. ಈ ಅಪಘಾತದಿಂದಲೇ ಒಳಗೆ ನೀರು ಚಿಮುಕಿಸುವ ಉಪಾಯ ಹುಟ್ಟಿತು. ಯಂತ್ರದೊಳಗೆ ಹಿಡಿತಕ್ಕೆ ಸಿಕ್ಕಿ ದುಡಿಯುವ ಶಕ್ತಿ ಅದು. ಹಿಡಿತವಿಲ್ಲದೆ ಪೈಪಿನೊಳಗೆ ಹುಟ್ಟಿದಾಗ ಅದಕ್ಕೆ ವಾಟರ್ ಹ್ಯಾಮರ್, ನೀರಿನ ಸುತ್ತಿಗೆ ಎಂದು ಹೆಸರು. ಪೈಪಿನ ತಳದಲ್ಲಿ ನಿಂತ ನೀರಿನ ನಡುವೆ ಸಿಕ್ಕಿಬಿದ್ದ ಉಗಿಯ ಗುಳ್ಳೆ ಥಟ್ಟನೆ ನೀರಾದರೆ, ಅದು ಬಿಟ್ಟ ಶೂನ್ಯವನ್ನು ತುಂಬಲು ಎರಡೂ ಕಡೆಯ ನೀರು ಧಾವಿಸಿ ಬಂದು ಡಿಕ್ಕಿ ಹೊಡೆಯುತ್ತದೆ. ಇಲ್ಲವೆ, ಮೇಲೆ ಗಂಟೆಗೆ ಅರವತ್ತು ಮೈಲಿಯಂತೆ ಓಡುವ ಉಗಿ ಕೆಳಗಿನ ನೀರನ್ನು ಅಲೆಯೆಬ್ಬಿಸಿ, ಅಲೆ ಪೈಪಿನ ಬಾಯಿ ಮುಚ್ಚುವಷ್ಟು ಬೆಳೆದು, ನೀರಿನ ಆ ಮುದ್ದೆ ಗುಂಡಿನಂತೆ ಹಾರಿ ಮುಂದಿನ ತಿರುವಿಗೋ ವಾಲ್ವಿಗೋ ಅಪ್ಪಳಿಸುತ್ತದೆ. ಬಾಯ್ಲರಿನ ಗಡಿಯಾರ ತೋರಿಸುವ ಒತ್ತಡಕ್ಕೂ ಆ ಏಟಿಗೂ ಹೋಲಿಕೆಯಿಲ್ಲ. ಏಟು ಅದರ ಎಷ್ಟೋ ಪಟ್ಟು. ಬಾಗಬಲ್ಲ ಉಕ್ಕು ಒಮ್ಮೊಮ್ಮೆ ತಾಳಿಕೊಳ್ಳುತ್ತದೆ. ಬೀಡು ಕಬ್ಬಿಣ ಬಿರಿಯುತ್ತದೆ.

ಹೊಳೆದದ್ದು ಒಂದು ಮಧ್ಯಾಹ್ನದಲ್ಲಿ. ಕೈಗೂಡಲು ಹನ್ನೊಂದು ವರ್ಷ ಬೇಕಾಯಿತು. ಜಾನ್ ರೋಬಕ್ ಎಂಬ ಉದ್ಯಮಿ ವಾಟನ ಸಾಲವನ್ನು ವಹಿಸಿಕೊಂಡು ಮೂರರಲ್ಲಿ ಎರಡು ಪಾಲಿಗೆ ಭಾಗಸ್ಥನಾದನು. 1769ರಲ್ಲಿ ಪೇಟೆಂಟ್ ದೊರೆಯಿತು. ಆದರೆ ನುಣುಪಾಗಿ ಕೊರೆದ ಸಿಲಿಂಡರು ಮಾಡಬಲ್ಲ ಕಮ್ಮಾರರಿಲ್ಲ. ಪಿಸ್ಟನ್ನಿನ ಸುತ್ತ ಉಗಿ ಸೋರದಂತೆ ತಡೆಯಲು ಬಟ್ಟೆ, ತೊಗಲು, ರಟ್ಟು ಎಲ್ಲವನ್ನೂ ಹಾಕಿ ನೋಡಿದ್ದಾಯಿತು. ಹೊಟ್ಟೆಪಾಡಿಗಾಗಿ ವಾಟನು ಕಾಲುವೆಗಳ ಮೋಜಣಿ ಕೆಲಸ ಹಿಡಿದನು. 1773ರಲ್ಲಿ ಆತನು ಉತ್ತರದ ಬೆಟ್ಟಗಾಡಿನಲ್ಲಿ ಸರಪಣಿ ಹಿಡಿದು ಅಳೆಯುತ್ತಿದ್ದಾಗ ಹೆಂಡತಿ ಮಾರ್ಗರೆಟ್ ಹೆರಿಗೆಯಲ್ಲಿ ತೀರಿಕೊಂಡಳು. ಅದೇ ವರ್ಷ ರೋಬಕ್ ದಿವಾಳಿಯೆದ್ದನು. ಆತನ ಸಾಲಗಾರರಿಗೆ ಈ ಯಂತ್ರ ಬಿಡಿಕಾಸಿನ ಬೆಲೆಯದೆಂದೂ ಕಾಣಲಿಲ್ಲ. ಬರ್ಮಿಂಗ್‌ಹ್ಯಾಮಿನ ಸೋಹೋ ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೋಲ್ಟನ್ ಅದನ್ನು ತೆಗೆದುಕೊಂಡನು. 1774ರಲ್ಲಿ ವಾಟನು ತಾಯಿಯಿಲ್ಲದ ಮಕ್ಕಳನ್ನು ಬಿಟ್ಟು ಬರ್ಮಿಂಗ್‌ಹ್ಯಾಮಿಗೆ ಹೋದನು.

ಅಲ್ಲಿಂದ ಮುಂದಿನದು ಎಲ್ಲ ಪುಸ್ತಕಗಳಲ್ಲೂ ಇರುವ ಯಶಸ್ಸಿನ ಕಥೆ, ಬೇಗನೆ ದಾಟಬಹುದು. ತೋಪು ಕೊರೆಯುವುದರಲ್ಲಿ ನಿಪುಣನಾದ ಜಾನ್ ವಿಲ್ಕಿನ್ಸನ್ ಕೊರೆದ ಸಿಲಿಂಡರಿನಲ್ಲಿ ವ್ಯತ್ಯಾಸ ಒಂದು ಹಳೆಯ ಶಿಲಿಂಗ್ ನಾಣ್ಯದ ದಪ್ಪವನ್ನೂ ಮೀರಲಿಲ್ಲ. 1776ರಲ್ಲಿ ಮೊದಲ ದೊಡ್ಡ ಯಂತ್ರಗಳು ಓಡಿದುವು. ಪಾರ್ಲಿಮೆಂಟು ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು. ಕಾರ್ನ್‌ವಾಲಿನ ಗಣಿಗಳವರು ಉಳಿಸಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಕಪ್ಪವಾಗಿ ಕೊಡಬೇಕಾಯಿತು. ಕೊಡಲಾರದೆ ನ್ಯಾಯಾಲಯಕ್ಕೆ ಹೋದರು, ವ್ಯಾಜ್ಯ 1799ರವರೆಗೂ ಎಳೆಯಿತು. ಕುದುರೆಯ ಬಲವನ್ನು ಅಳತೆಗೆ ತಂದದ್ದು, ವೇಗವನ್ನು ತಾನೇ ಹದಮಾಡಿಕೊಳ್ಳುವ ತಿರುಗುಗುಂಡುಗಳನ್ನು 1788ರಲ್ಲಿ ಅಳವಡಿಸಿದ್ದು, ಎಲ್ಲವೂ ಈ ಅವಧಿಯವು. ನನ್ನ ಗಮನ ಹೋಗುವುದು ಹೆಚ್ಚು ಸಾಧಾರಣವಾದ ಒಂದು ಸಂಗತಿಯ ಕಡೆಗೆ. ವಾಟನು ಸಿಲಿಂಡರಿನ ಸುತ್ತ ಇನ್ನೊಂದು ಕವಚ ಹಾಕಿಸಿ ಅದರಲ್ಲೂ ಉಗಿ ತುಂಬಿಸುತ್ತಿದ್ದನು. ಶಾಖ ಹೊರಹೋಗದಂತೆ ಮೇಲೆ ಹೊದಿಸುತ್ತಿದ್ದನು. ಬಿಸಿಯಾಗಿರಬೇಕಾದದ್ದನ್ನು ಬಿಸಿಯಾಗಿಯೂ, ತಣ್ಣಗಿರಬೇಕಾದದ್ದನ್ನು ತಣ್ಣಗೂ ಇಡುವುದಕ್ಕೆ ಆತನು ಪಟ್ಟ ಪಾಡು ಒಬ್ಬ ಗೃಹಿಣಿಯ ಪಾಡಿನಂತಿದೆ.

ವಾಟನು ಅಂಜುಬುರುಕನೆಂದು ಹೇಳುವವರುಂಟು, ಸುಳ್ಳಲ್ಲ. ಕಂಡೆನ್ಸರಿನ ಯೋಚನೆ ಹುಟ್ಟುವ ಮೊದಲೇ ಆತನು ಪಾಪಿನ್ ಪಾತ್ರೆಯೊಂದರ ಹೆಚ್ಚು ಒತ್ತಡದ ಉಗಿಯಿಂದ ಸಣ್ಣ ಪಿಸ್ಟನ್ನನ್ನು ಓಡಿಸಿ ನೋಡಿದ್ದನು. ಬಾಯ್ಲರು ಸಿಡಿದೀತೆಂದು ಆ ದಾರಿಯನ್ನು ಬಿಟ್ಟನು. ವಾಯುಭಾರಕ್ಕಿಂತ ಕೆಲವೇ ಪೌಂಡು ಹೆಚ್ಚಿನ ಒತ್ತಡವನ್ನು ಕೊನೆಯವರೆಗೂ ಮೀರಲಿಲ್ಲ. ತನ್ನ ಕಾರ್ಖಾನೆಯ ವಿಲಿಯಂ ಮರ್ಡಾಕ್ 1784ರಲ್ಲಿ ಉಗಿಬಂಡಿಯ ಮಾದರಿ ಮಾಡಿದಾಗಲೂ ಪ್ರೋತ್ಸಾಹಿಸಲಿಲ್ಲ. ಪೇಟೆಂಟಿನ ಅವಧಿ ಮುಗಿದ ಮೇಲೆ ಕಾರ್ನ್‌ವಾಲಿನ ರಿಚರ್ಡ್ ಟ್ರೆವಿಥಿಕ್ ಹೆಚ್ಚಿನ ಒತ್ತಡದ ಯಂತ್ರಗಳನ್ನು ಕಟ್ಟಿದನು. 1803ರಲ್ಲಿ ಗ್ರೀನಿಚ್ಚಿನಲ್ಲಿ ಅವುಗಳಲ್ಲೊಂದು ಸಿಡಿದು ನಾಲ್ವರು ಸತ್ತರು. ಯಂತ್ರವನ್ನು ನೋಡಿಕೊಳ್ಳಬೇಕಾದ ಹುಡುಗ ಬಿಟ್ಟುಹೋಗಿದ್ದನು. ವಾಟನ ಪಕ್ಷದವರು ಇದನ್ನು ಡಂಗುರ ಹೊಡೆದರು. ಟ್ರೆವಿಥಿಕ್ ಎರಡನೆಯ ಸೇಫ್ಟಿ ವಾಲ್ವನ್ನೂ, ನೀರು ಇಳಿದರೆ ಕರಗಿ ಬೆಂಕಿಯನ್ನು ನಂದಿಸುವ ಸೀಸದ ಬಿರಡೆಯನ್ನೂ ಸೇರಿಸಿ ಮುಂದುವರಿದನು. ಲೋಕ ಹೋದದ್ದು ಟ್ರೆವಿಥಿಕ್ಕನ ದಾರಿಯಲ್ಲಿ. ವಾಟನ ಅಂಜಿಕೆ ಮೂವತ್ತು ವರ್ಷ ಆ ದಾರಿಗೆ ಅಡ್ಡ ನಿಂತಿತೆಂಬ ಆಪಾದನೆಯಲ್ಲಿ ಹುರುಳಿದೆ. ಆದರೆ ವಾಟನು ಅಂಜಿದ್ದು ಬಾಯ್ಲರಿಗೆ. ಜನರೂ ಹಾಗೆಯೇ. ಪೈಪಿಗೆ ಅಂಜುವವರು ಕಡಿಮೆ.

ಸೋಹೋ ಕಾರ್ಖಾನೆಯ ಯಂತ್ರಗಳು 1820ರ ದಶಕದಲ್ಲಿ ಕಲ್ಕತ್ತೆಯ ಟಂಕಸಾಲೆಗೆ ಬಂದುವು. ನಮ್ಮ ಸೀಮೆಗೆ ಉಗಿ ದೊಡ್ಡದಾಗಿ ಕಾಲಿಟ್ಟದ್ದು ಕೋಲಾರದ ಚಿನ್ನದ ಗಣಿಗಳಲ್ಲಿ. 1880ರಿಂದ ಜಾನ್ ಟೇಲರ್ ಸಂಸ್ಥೆಯ ಕೈಕೆಳಗೆ, ಕಾರ್ನ್‌ವಾಲಿನಿಂದಲೇ ಬಂದ ಗಣಿಗಾರರ ಸಂಗಡ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದ ಮೇಲೆ ಅಲ್ಲಿ ಉಗಿಯ ಗತ್ತು ಇಳಿಯಿತು. ಎಣ್ಣೆ, ರೇಷ್ಮೆ, ಬಟ್ಟೆ, ಸಕ್ಕರೆಗಳ ಕಾರ್ಖಾನೆಗಳಲ್ಲಿ ಮಾತ್ರ ಉಗಿಯಿಲ್ಲದೆ ಇಂದಿಗೂ ನಡೆಯದು.

ಚಳ್ಳಕೆರೆಯ ಅಂಗಳಕ್ಕೆ ಮರಳಬೇಕು. ಆ ಪೈಪನ್ನು ಗಾಡಿಗಳು ಓಡಾಡುವ ದಾರಿಯ ಬಳಿ ಥಟ್ಟನೆ ಮೇಲಕ್ಕೆತ್ತಿ ಒಯ್ದಿದ್ದರು. ಎತ್ತುವ ಮೊದಲಿನ ತಗ್ಗಿನಲ್ಲಿ ಒಂದು ವಾಲ್ವು, ಅದರ ಕೆಳಗೆ ನೀರನ್ನು ಬಿಟ್ಟು ಉಗಿಯನ್ನು ತಡೆಯುವ ಸ್ಟೀಮ್ ಟ್ರ್ಯಾಪು, ಪಕ್ಕದಲ್ಲಿ ಮಾವ ತೆರೆಯುತ್ತಿದ್ದ ನಲ್ಲಿ. ಟ್ರ್ಯಾಪು ಹಳೆಯದಾಗಿ ದಿನವಿಡೀ ಬುಸುಗುಟ್ಟುತ್ತಿತ್ತು. ಉಗಿ ಪೋಲಾಗುವುದೆಂದರೆ ಸಿಪ್ಪೆ ಪೋಲಾಗುವುದು, ಸಿಪ್ಪೆಯೆಂದರೆ ಹಣ. ಅದನ್ನು ನಿಲ್ಲಿಸುವಂತೆ ಮೇಲಿನವರ ಅಪ್ಪಣೆಯಾಯಿತು. ಅಪ್ಪಣೆಯನ್ನು ನಡೆಸುವ ಕೆಲಸ ನನ್ನ ಪಾಲಿಗೆ ಬಂದಿತು. ಹೊಸ ಟ್ರ್ಯಾಪು ಬೇಕೆಂದು ಮಾವ ಹೇಳಿದರು. ಅದು ಬೊಂಬಾಯಿಯಿಂದ ಬರಬೇಕು, ಸುಗ್ಗಿ ಮುಗಿಯುತ್ತದೆ. ನಾನು ಫಿಟ್ಟರನ್ನು ಕರೆಸಿ ಟ್ರ್ಯಾಪು, ನಲ್ಲಿ ಎರಡನ್ನೂ ಬಿಚ್ಚಿಸಿ ಪ್ಲಗ್ಗು ಹಾಕಿಸಿದೆ. ಓದು ಬರಹ ಬಲ್ಲವನೆಂಬ ಗರ್ವ ಆಗ ನನಗಿತ್ತು. ಮಾವ ಬೇಡವೆಂದರು, ಒಂದೇ ಸಲ. ಎರಡನೆಯ ಸಲ ಹೇಳಲಿಲ್ಲ.

ಕೆಲವು ದಿನ ಏನೂ ಆಗಲಿಲ್ಲ. ಹಗಲಿರುಳು ಗಾಣ ನಡೆಯುತ್ತಿದ್ದುದರಿಂದ ಪೈಪು ತಣ್ಣಗಾಗಲೇ ಇಲ್ಲ. ಅಮಾವಾಸ್ಯೆಗೆ ಕಾರ್ಖಾನೆಗೆ ರಜೆ. ಮರುದಿನ ಬೆಳಗಿನ ಚಳಿಯಲ್ಲಿ ಮಾವ ಎಂದಿನಂತೆ ಕೂದಲೆಳೆಯಷ್ಟೇ ವಾಲ್ವು ತೆರೆದರು. ನಿಧಾನವೊಂದೇ ಸಾಲದು, ನೀರಿಗೆ ಹೋಗಲು ದಾರಿ ಬೇಕು. ಟಣ್ ಟಣ್ ಸದ್ದು ಕೇಳಿತು, ಪೈಪು ಕಂಬಗಳ ಮೇಲೆ ನಡುಗಿತು. ಸಹಾಯಕನಿಗೆ ವಾಲ್ವು ಮುಚ್ಚಲು ಹೇಳಿ ಮಾವ ಸ್ಪ್ಯಾನರ್ ಹಿಡಿದು ಆ ಪ್ಲಗ್ಗಿನ ಬಳಿಗೆ ಓಡಿದರು. ನೀರು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ತೋಪಿನಂಥ ಒಂದು ಸದ್ದು. ಬೀಡಿನ ವಾಲ್ವು ಇಬ್ಭಾಗವಾಗಿತ್ತು. ಬಲಗೈ, ಎದೆಯ ಬಲಭಾಗ ಬೆಂದಿತ್ತು. ಎರಡು ತಿಂಗಳು ಚಿತ್ರದುರ್ಗದಲ್ಲಿ ಆಸ್ಪತ್ರೆ. ಜೀವ ಉಳಿಯಿತು, ಬಲಗೈಯ ಬೆರಳುಗಳು ಮತ್ತೆ ಮಡಿಸಲಿಲ್ಲ. 1923ರ ಬಾಯ್ಲರ್ ಕಾಯಿದೆ ಆಗ ಜಾರಿಯಲ್ಲಿತ್ತು (2025ರಲ್ಲಿ ಅದರ ಸ್ಥಾನಕ್ಕೆ ಹೊಸದು ಬಂದಿದೆ). ಬಾಯ್ಲರಿನ ಸರ್ಟಿಫಿಕೇಟು ಚೌಕಟ್ಟಿನೊಳಗೆ ಗೋಡೆಯ ಮೇಲೆ ಭದ್ರವಾಗಿತ್ತು. ಬಾಯ್ಲರಿಗೆ ಏನೂ ಆಗಿರಲಿಲ್ಲ. ತಪ್ಪನ್ನು ಹಳೆಯ ವಾಲ್ವಿನ ಮೇಲೆ ಹೊರಿಸಿದ್ದಾಯಿತು. ನನ್ನನ್ನು ಯಾರೂ ಕೇಳಲಿಲ್ಲ.

ಪೈಪು ಬಡಿದುಕೊಳ್ಳುವಾಗ ಅದರ ಹತ್ತಿರಕ್ಕೆ ಹೋಗಬಾರದು. ದೂರದಿಂದ ಉಗಿಯನ್ನು ನಿಲ್ಲಿಸಿ, ಜನರನ್ನು ಸರಿಸಿ, ಒತ್ತಡ ಇಳಿದು ತಣಿದ ಮೇಲೆಯೇ ನೀರನ್ನು ಬಿಡಬೇಕು ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಬಡಿಯುವ ಮೊದಲೇ ಕಣ್ಣಿಗೆ ಬೀಳುವ ಗುರುತುಗಳೂ ಇವೆ: ಕಂಬಗಳ ನಡುವೆ ಜೋತುಬಿದ್ದ ಪೈಪು, ಹೊದಿಕೆ ಹರಿದು ಬತ್ತಲಾದ ಭಾಗ, ಮೇಲಕ್ಕೆ ಏರುವ ಬುಡದಲ್ಲಿ ನೀರು ಬಿಡುವ ದಾರಿಯಿಲ್ಲದಿರುವುದು, ಮುಟ್ಟಿದರೆ ತಣ್ಣಗಿರುವ ಟ್ರ್ಯಾಪು. ಬುಸುಗುಟ್ಟುವ ಟ್ರ್ಯಾಪಿಗಿಂತ ಸದ್ದಿಲ್ಲದೆ ತಣ್ಣಗಾದ ಟ್ರ್ಯಾಪು ಹೆಚ್ಚು ಅಪಾಯದ್ದು. ಇದು ಹಿಂದುಳಿದ ಸೀಮೆಯ ಅಜ್ಞಾನವೆಂದು ಯಾರೂ ತಿಳಿಯಬಾರದು. 2007ರ ಜುಲೈ 18ರಂದು ನ್ಯೂಯಾರ್ಕ್ ನಗರದ ನಡುಬೀದಿಯಲ್ಲಿ, 1924ರಲ್ಲಿ ನೆಲದಡಿ ಹೂತ ಉಗಿಯ ಪೈಪು ಸಿಡಿದು ಕೆಸರೂ ಉಗಿಯೂ ಕಟ್ಟಡಗಳೆತ್ತರಕ್ಕೆ ಚಿಮ್ಮಿತು. ಒಬ್ಬರು ಸತ್ತರು, ಹಲವರು ಗಾಯಗೊಂಡರು. ಸೋರಿಕೆ ಮುಚ್ಚಲು ತುಂಬಿದ ಅಂಟು ಟ್ರ್ಯಾಪುಗಳನ್ನು ಕಟ್ಟಿ ಹಾಕಿತ್ತು. ಮಳೆಯ ನೀರು ಪೈಪನ್ನು ತಣಿಸಿತ್ತು. ಒಳಗೆ ನೀರು ನಿಂತಿತ್ತು. ಆ ವರದಿಯನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ವಾಟನ ಕಡೆಯ ದಿನಗಳು ಬರ್ಮಿಂಗ್‌ಹ್ಯಾಮಿನ ಹತ್ತಿರದ ಹೀತ್‌ಫೀಲ್ಡ್ ಎಂಬ ಮನೆಯಲ್ಲಿ ಕಳೆದುವು. 1800ರಲ್ಲಿ ಪೇಟೆಂಟು ಮುಗಿದೊಡನೆ ವ್ಯಾಪಾರವನ್ನು ಮಗನ ಕೈಗೆ ಬಿಟ್ಟನು. ಅಷ್ಟರಲ್ಲಿ 400ಕ್ಕೂ ಮಿಕ್ಕಿ ಯಂತ್ರಗಳು ಅವರ ಹೆಸರಿನಲ್ಲಿ ಓಡುತ್ತಿದ್ದುವು. ಎರಡನೆಯ ಹೆಂಡತಿಯ ಮಗಳು 1794ರಲ್ಲಿಯೂ, ಬುದ್ಧಿವಂತನಾದ ಮಗ ಗ್ರೆಗರಿ 1804ರಲ್ಲಿಯೂ ತೀರಿಕೊಂಡರು. ಮುದುಕನು ಮಾಳಿಗೆಯ ಮೇಲಿನ ಕಾರ್ಯಾಗಾರವನ್ನು ಸೇರಿ, ಒಂದು ಪ್ರತಿಮೆಯನ್ನು ನೋಡಿ ಇನ್ನೊಂದನ್ನು ಕೊರೆಯುವ ಯಂತ್ರವನ್ನು ಕಟ್ಟುತ್ತ ಕುಳಿತನು. 1819ನೆಯ ಆಗಸ್ಟ್ 25ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಆ ಕೋಣೆಗೆ ಬೀಗ ಬಿದ್ದಿತು. 1924ರಲ್ಲಿ ಅದರೊಳಗಿನ ಸಾವಿರಾರು ವಸ್ತುಗಳನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ವಿದ್ಯುದ್ದೀಪದ ಮೇಲೆ ಬರೆದಿರುವ ವಾಟ್ ಎಂಬ ಅಳತೆ ಆತನ ಹೆಸರಿನದೆಂಬುದನ್ನು ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ.

ಮಾವ ಮತ್ತೆ ಬೆಂಕಿಯ ಕೆಲಸಕ್ಕೆ ಬರಲಿಲ್ಲ. ಸಿದ್ದಾಪುರದ ಆಚೆಯ ತಮ್ಮ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದರು. ವಾಟನ ಚರಿತ್ರೆ ಓದಿ ಮುಗಿಸಿದ ವರ್ಷ ನಾನು ಅವರನ್ನು ಕಾಣಲು ಹೋದೆ. ಪ್ಲಗ್ಗು ಹಾಕಿಸಿದವನು ನಾನೆಂಬ ಮಾತನ್ನು ಬಾಯಿಬಿಟ್ಟು ಹೇಳಬೇಕೆಂದು ಹೋದವನು, ಬ್ರಹ್ಮಗಿರಿಯ ತಪ್ಪಲಿನ ಹುಣಿಸೆಮರದ ಕೆಳಗೆ ಕುಳಿತು, ಹೇಳಲಾರದೆ, ಗ್ಲಾಸ್ಗೋ ನಗರದ ಕಥೆಯನ್ನು ಹೇಳಿದೆ. ತಣಿಯುವ ಸಿಲಿಂಡರು, ಭಾನುವಾರದ ನಡಿಗೆ, ಬೇರೆಯಾಗಿ ಇಟ್ಟ ಪಾತ್ರೆ ಎಲ್ಲವನ್ನೂ ಹೇಳಿದೆ. ಮಾವ ಒಂದೇ ಪ್ರಶ್ನೆ ಕೇಳಿದರು: ಆ ಬೇರೆ ಪಾತ್ರೆಯೊಳಗೆ ಆದ ನೀರು ಎಲ್ಲಿಗೆ ಹೋಗುತ್ತಿತ್ತು? ಪ್ರತಿ ಬಡಿತಕ್ಕೂ ಒಂದು ಪಂಪು ಅದನ್ನು ಎಳೆದು ಹೊರಗೆ ಹಾಕುತ್ತಿತ್ತೆಂದು ಹೇಳಿದೆ. ತಲೆಯಾಡಿಸಿದರು. ಪ್ಲಗ್ಗಿನ ವಿಷಯ ಅವರಿಗೆ ಮೊದಲಿನಿಂದಲೂ ತಿಳಿದೇ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಎಡಗೈಯಿಂದ ಕೋಲನ್ನು ಎತ್ತಿಕೊಂಡು, ಹೊಲದ ಕಡೆಗೆ ತಿರುಗಿದ ಕುರಿಗಳನ್ನು ಹಿಂದಕ್ಕೆ ಕರೆಯಲು ಎದ್ದರು.